ಏಳನೇ ನಂಬರಿನ ಟ್ಯಾಬು

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬಂದು ಬೀರು ತೆಗೆದರೆ ಹನ್ನೆರಡು ಟ್ಯಾಬುಗಳು ಸಾಲಾಗಿ ಮಲಗಿರುತ್ತವೆ. ಒಂದೊಂದರ ಬೆನ್ನಿಗೂ ಬಿಳಿ ಚೀಟಿ ಅಂಟಿಸಿ ನಾನೇ ನಂಬರು ಬರೆದಿದ್ದೇನೆ. ಏಳನೆಯದನ್ನು ಆನ್ ಮಾಡಿದರೆ ಒಂದು ಗಿಣಿ ಬಂದು ಕತ್ತು ಕೊಂಕಿಸುತ್ತದೆ. "ನಾನು ಕಾಯುತ್ತಿದ್ದೇನೆ. ಇವತ್ತು ಓದೋಣವೇ?" ಎಂದು ಕೇಳುತ್ತದೆ. ಆ ಗಿಣಿಯ ಚಿತ್ರವನ್ನು ತನಗೆಂದು ಆರಿಸಿಕೊಂಡಿದ್ದವಳು ಐದನೇ ಕ್ಲಾಸಿನ ಒಬ್ಬ ಹುಡುಗಿ. ಅವಳು ತೀರಿಕೊಂಡು ವರ್ಷದ ಮೇಲಾಯಿತು. ಗಿಣಿಗೆ ಅದು ಗೊತ್ತಿಲ್ಲ.

ನಾನು ದೆವ್ವಕ್ಕೆ ಹೆದರುವ ಪೈಕಿಯವಳಲ್ಲ. ಮಾಯಸಂದ್ರದ ಹತ್ತಿರದ ನಮ್ಮೂರಿನಲ್ಲಿ ಸುಡುಗಾಡಿನ ಪಕ್ಕದ ದಾರಿಯಲ್ಲೇ ಹೈಸ್ಕೂಲಿಗೆ ಓಡಾಡಿದವಳು. ಆದರೆ ಒಂದು ಯಂತ್ರ ಸತ್ತ ಮಗುವಿನ ಪರವಾಗಿ ದಿನವೂ ನನ್ನನ್ನು ಕರೆಯುತ್ತದೆ ಎಂದರೆ ಅದಕ್ಕೆ ಯಾವ ತಾಯಿತ ಕಟ್ಟಿಸಿಕೊಳ್ಳಲಿ?

ಟ್ಯಾಬುಗಳು ಬಂದದ್ದು ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ. ನಮ್ಮದು ಶೆಟ್ಟಿಕೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆ. ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಕಾಲು ಗಂಟೆ ನಡೆಯಬೇಕು. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದರು. ಹೆಡ್ ಮಾಸ್ಟರು ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಭಾಷೆ ನಿಮ್ಮದು, ಓದಿಸೋ ಆ್ಯಪೂ ನಿಮ್ಮದೇ" ಎಂದು ಕೈ ತೊಳೆದುಕೊಂಡರು. ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇದ್ದ ನನಗೆ ಮೈಯೆಲ್ಲ ಉರಿಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇದು ಊರಿಗೆಲ್ಲ ಗೊತ್ತು. ಮಕ್ಕಳು ನನಗೆ ಇಟ್ಟಿರುವ ಅಡ್ಡ ಹೆಸರು ಒಣಮೆಣಸಿನಕಾಯಿ. ಗೊತ್ತಿಲ್ಲದವಳ ಹಾಗೆ ಇದ್ದೇನೆ.

ಚಿಕ್ಕನಾಯಕನಹಳ್ಳಿಯಲ್ಲಿ ಎರಡು ದಿನದ ತರಬೇತಿ ಕೊಟ್ಟರು. ಹೇಳಿಕೊಟ್ಟವನು ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವನು. "ಹೆದರಬೇಡಿ ಮೇಡಂ, ಏನು ಮುಟ್ಟಿದರೂ ಏನೂ ಆಗಲ್ಲ" ಎಂದು ಹತ್ತು ಸಲ ಹೇಳಿದ. ಈಗ ಆ ಮಾತು ನೆನೆದರೆ ಅವನ ಮೇಲೆ ಸಿಟ್ಟು ಬರುತ್ತದೆ. ಪಾಪ, ಅವನದೇನು ತಪ್ಪು. ನನ್ನ ಬೆರಳು ಮುಟ್ಟಿದರೆ ಆ ಗಾಜಿಗೆ ಗೊತ್ತೇ ಆಗುತ್ತಿರಲಿಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ತುದಿ ಒರಟಾಗಿ ಒಣಗಿಹೋಗಿದೆ. ನಾನು ಕರೆಗಂಟೆ ಒತ್ತಿದ ಹಾಗೆ ಒತ್ತುತ್ತಿದ್ದೆ. ಪಕ್ಕದವರ ಪರದೆಯಲ್ಲಿ ಆನೆ, ನವಿಲು ಕುಣಿಯುತ್ತಿದ್ದವು. ನನ್ನದರಲ್ಲಿ ನನ್ನ ಮುಖವೇ ಕಾಣುತ್ತಿತ್ತು.

ಆ ಆ್ಯಪಿನ ಕೆಲಸ ಸರಳ. ಮಗು ಒಂದು ಪ್ರಾಣಿಯನ್ನೋ ಪಕ್ಷಿಯನ್ನೋ ಆರಿಸಿಕೊಳ್ಳುತ್ತದೆ. ಪರದೆಯ ಮೇಲೆ ಪಾಠ ಬರುತ್ತದೆ. ಮಗು ಗಟ್ಟಿಯಾಗಿ ಓದಿದರೆ ಸರಿಯಾದ ಪದ ಹಸಿರಾಗುತ್ತದೆ, ಕಡೆಯ ಸಾಲಿನವರೆಗೆ ಓದಿದರೆ ಆ ದನಿ ಒಳಗೆ ರೆಕಾರ್ಡ್ ಆಗಿ ಉಳಿಯುತ್ತದೆ. ಸರಳ ಅಂತ ಈಗ ಬರೆಯುತ್ತಿದ್ದೇನೆ. ಆಗ ಅದನ್ನು ನನಗೆ ಕಲಿಸಿದವಳು ಆ ಹುಡುಗಿಯೇ.

ಓದಿನಲ್ಲಿ ಅವಳು ಹಿಂದೆ. ಐದನೇ ಕ್ಲಾಸಿನಲ್ಲಿದ್ದರೂ ಒತ್ತಕ್ಷರ ಬಂದರೆ ಗೋಡೆಗೆ ಹಾಯ್ದ ಹಾಗೆ ನಿಂತುಬಿಡುತ್ತಿದ್ದಳು. ಟ್ಯಾಬು ಮಾತ್ರ ಮೂರೇ ದಿನದಲ್ಲಿ ಅವಳ ಕೈಗೆ ಒಗ್ಗಿತು. "ಸುಣ್ಣ ಒರೆಸ್ಕಂಡು ಮುಟ್ಟಿ ಮಿಸ್", "ಅಂಗೆ ಗುದ್ದಬೇಡಿ ಮಿಸ್, ಮೆತ್ತಗೆ" ಎಂದು ನನ್ನ ಬೆರಳನ್ನೇ ಹಿಡಿದು ತೋರಿಸುತ್ತಿದ್ದಳು. ಕೂದಲಿಗೆ ಹಚ್ಚಿದ ಕೊಬ್ಬರಿ ಎಣ್ಣೆ ಅವಳ ಬೆರಳಿಗೂ ಮೆತ್ತಿರುತ್ತಿತ್ತು, ಏಳನೇ ನಂಬರಿನ ಪರದೆ ಯಾವಾಗಲೂ ಜಿಡ್ಡು. ಅದಕ್ಕೂ ಬೈಯುತ್ತಿದ್ದೆ. ಕ್ಲಾಸಿನಲ್ಲಿ ಮೂವತ್ತು ವರ್ಷದಿಂದ ನಾನು ಹೇಳುತ್ತ ಬಂದ ಮಾತು ಎರಡೇ. ಓದು ತಪ್ಪಿದರೆ "ಅಲ್ಲ", ಆಮೇಲೆ "ಇನ್ನೊಂದ್ಸಲ". ಮಗು ಅಳಲಿ, ನಗಲಿ, ಸರಿಯಾಗುವ ತನಕ ಇನ್ನೊಂದ್ಸಲ.

ಅವಳ ತಾಯಿ ಊರಾಚೆಯ ಒಂದು ಕೊಬ್ಬರಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆತುರಪಟ್ಟು ಒಡೆದರೆ ಕಾಯಿ ಹಾಳು. ಆದ್ದರಿಂದ ಒಡೆಯುವ ಮುಂಚೆ ಒಬ್ಬರು ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು. ನೀರಿದೆಯೇ, ಕೊಬ್ಬರಿ ಅಂಟಿಕೊಂಡಿದೆಯೇ, ಬಿಟ್ಟಿದೆಯೇ, ಕೊಳೆತಿದೆಯೇ, ಎಲ್ಲಾ ಶಬ್ದದಲ್ಲೇ ಗೊತ್ತಾಗಬೇಕು. ಎಲ್ಲರ ಕಿವಿಗೂ ಅದು ದಕ್ಕುವುದಿಲ್ಲ. ಆ ಶೆಡ್ಡಿನಲ್ಲಿ ಆ ಕೆಲಸ ಈ ಹೆಂಗಸಿನದು. ಬಸ್ಸಿನಿಂದ ನಡೆದು ಬರುವಾಗ ನೋಡಿದ್ದೆ, ಕಾಯಿ ರಾಶಿಯ ನಡುವೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅದನ್ನು ಕೆಲಸ ಎಂದು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಾಯಿ ಅಲ್ಲಾಡಿಸುವುದು ಒಂದು ವಿದ್ಯೆಯೇ?

ಅವತ್ತು, ಗೌರಿ ಹಬ್ಬ ಕಳೆದ ಮೇಲಿನ ಒಂದು ಮಧ್ಯಾಹ್ನ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದೆ. ಕೆರೆಯ ದಡದಲ್ಲಿದ್ದ ಆಮೆಯ ಪಾಠ. ಎಡವುತ್ತ ಎಡವುತ್ತ ಅವಳು ಮೊದಲ ಸಲ ಕಡೆಯ ಸಾಲಿನವರೆಗೆ ಓದಿ ಮುಗಿಸಿದಳು. ಶಹಬ್ಬಾಸ್ ಅನ್ನಬೇಕಾಗಿತ್ತು. ಆದರೆ ನನಗೆ ರೆಕಾರ್ಡನ್ನು ನಿಲ್ಲಿಸುವುದು ಹೇಗೆಂದು ಮರೆತುಹೋಗಿತ್ತು. ಎಲ್ಲೆಲ್ಲೋ ಒತ್ತುತ್ತಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು, "ಕೆಂಪು ಗುಂಡಿ ಮಿಸ್, ಅದ್ನ ಒತ್ತಿ" ಎಂದಳು. ಅಷ್ಟೇ. ನಾನು ಸಿಡಿದೆ.

"ನನಗೇ ಹೇಳಿಕೊಡ್ತೀಯೇನೇ? ನೆಟ್ಟಗೆ ನಾಲ್ಕಕ್ಷರ ಓದೋಕೆ ಬರಲ್ಲ, ಯಜಮಾನಿಕೆ ಬೇರೆ. ಹೋಗು, ನಿಮ್ಮವ್ವನ ಹಂಗೆ ಕಾಯಿ ಅಲ್ಲಾಡಿಸ್ಕೊಂಡು ಕೂತ್ಕೋ ಹೋಗು."

ಅವಳಿಗೆ ಬೇಸರವಾದ ಹಾಗೆ ಕಾಣಲಿಲ್ಲ. ಅದೇ ನನ್ನನ್ನು ಈಗ ಕೊರೆಯುವುದು. ನಾನು ಏನೋ ವಿಷಯ ಕೇಳಿದೆ, ತಾನು ಉತ್ತರ ಕೊಡಬೇಕು ಎನ್ನುವ ಹಾಗೆ ಮುಖ ಅರಳಿಸಿ ಹೇಳಿದಳು. "ನಮ್ಮವ್ವ ಕಾಯಿ ಅಲ್ಲಾಡ್ಸುದ್ರೆ ಒಳಗೇನೈತೆ ಅಂತ ಒಡೀದೇನೇ ಹೇಳ್ತಾಳೆ ಮಿಸ್. ನಿಮ್ಗೆ ಬತ್ತದಾ?"

ಅವಳೇ ಕೈ ಚಾಚಿ ಕೆಂಪು ಗುಂಡಿ ಒತ್ತಿದಳು.

ದಸರಾ ರಜೆ ಮುಗಿದು ಶಾಲೆ ತೆರೆದಾಗ ಅವಳು ಬರಲಿಲ್ಲ. ಜ್ವರ ಅಂದರು. ತಿಪಟೂರಿಗೆ ಕರೆದುಕೊಂಡು ಹೋದರು, ಅಲ್ಲಿಂದ ತುಮಕೂರಿಗೆ. ಡೆಂಗಿ ಅಂತೆ. ಆರನೇ ದಿನ ಹೆಡ್ ಮಾಸ್ಟರು ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ ಮಾಡಿಸಿದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಾರಣ ಬರೆದೆ. ಊರು ಬಿಟ್ಟುಹೋದ ಮಕ್ಕಳ ಹೆಸರಿನ ಮೇಲೂ ಅದೇ ಗೆರೆ ಎಳೆದಿದ್ದೇನೆ. ಸ್ಕೇಲಿಟ್ಟು ನೇರವಾಗಿ ಎಳೆದೆ.

ಟ್ಯಾಬಿನಲ್ಲಿ ಅದು ಆಗಲಿಲ್ಲ. ಅಲ್ಲಿ ಹೆಸರು ತೆಗೆಯಬೇಕಾದರೆ ಗಿಣಿಯನ್ನು ಒತ್ತಿ ಹಿಡಿಯಬೇಕು. ಹಿಡಿದರೆ "ಖಚಿತವೇ?" ಎಂದು ಕೇಳುತ್ತದೆ. ಖಚಿತವಿಲ್ಲ ಎಂದು ಬೆರಳು ತೆಗೆದುಬಿಟ್ಟೆ. ಹಾಗಾಗಿ ತಿಂಗಳು ತಿಂಗಳು ನನ್ನ ಫೋನಿಗೆ ಒಂದು ಸಂದೇಶ ಬರತೊಡಗಿತು. "ಈ ವಿದ್ಯಾರ್ಥಿ ಓದುವುದನ್ನು ನಿಲ್ಲಿಸಿದ್ದಾರೆ. ದಯವಿಟ್ಟು ಪ್ರೋತ್ಸಾಹಿಸಿ." ಒಮ್ಮೆ ಬಸ್ಸಿನಲ್ಲಿ ಬಂತು. ಒಮ್ಮೆ ಅಕ್ಕಿ ತೊಳೆಯುತ್ತಿದ್ದಾಗ ಬಂತು, ಸೊಸೆ ಓದಿ ಹೇಳಿದಳು. ಅವಳಿಗೆ ಏನೆಂದು ತಿಳಿಸಲಿ? ಪ್ರೋತ್ಸಾಹಿಸಬೇಕಾಗಿತ್ತು ಕಣೇ, ಪ್ರೋತ್ಸಾಹಿಸಲಿಲ್ಲ, ಎಂದುಕೊಂಡು ಅಕ್ಕಿಯ ನೀರು ಬಸಿದೆ.

ಮಕ್ಕಳು ಏಳನೇ ನಂಬರನ್ನು ಮುಟ್ಟುತ್ತಿರಲಿಲ್ಲ. ನಾನು ಕೊಟ್ಟರೆ ಬೆನ್ನ ಹಿಂದೆ ಕೈ ಕಟ್ಟಿಕೊಳ್ಳುತ್ತಿದ್ದರು. "ಅದ್ರೊಳಗೆ ಅವ್ಳವ್ಳೆ ಮಿಸ್" ಎಂದು ಒಬ್ಬಳು ಪಿಸುಗುಟ್ಟಿದಳು. ಮೂಢನಂಬಿಕೆಯ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ. ಮಾಡಿ, ನಾಲ್ಕೂವರೆಗೆ ಎಲ್ಲರೂ ಹೋದ ಮೇಲೆ, ಬೀರು ತೆಗೆದು ಅದನ್ನೇ ಕೈಗೆತ್ತಿಕೊಂಡೆ.

ಅವಳು ಒಳಗೇ ಇದ್ದಳು. ಅವಳು ಓದಿ ಮುಗಿಸಿ ಒಳಗೆ ಉಳಿದ ಒಂದೇ ಪಾಠ, ಆ ಆಮೆಯದು, ಎರಡು ನಿಮಿಷ ಹತ್ತು ಸೆಕೆಂಡು.

ಎಷ್ಟು ಸಲ ಕೇಳಿದೆನೋ ನನಗೇ ತಿಳಿಯದು. ಖಾಲಿ ಕ್ಲಾಸು, ಕಿಟಕಿಯಾಚೆ ತೆಂಗಿನ ಗರಿಯ ನೆರಳು ನೆಲದ ಮೇಲೆ ಅಲ್ಲಾಡುತ್ತಿರುತ್ತದೆ, ನಡುವೆ ಅವಳ ದನಿ. ಹಿಂದುಗಡೆ ಬಿಸಿಯೂಟದ ತಟ್ಟೆ ತೊಳೆಯುವ ಸದ್ದು, ದೂರದಲ್ಲಿ ಒಂದು ಟ್ರ್ಯಾಕ್ಟರ್. ಆಮೆ ನೀರಿಗಿಳಿಯುವ ಸಾಲಿನಲ್ಲಿ ನನ್ನ "ಅಲ್ಲ. ಇನ್ನೊಂದ್ಸಲ". ಆಮೇಲೆ ಪಾಠ ಮುಗಿದು, ಕೆಂಪು ಗುಂಡಿ, ನನ್ನ ಸಿಡುಕು, ಅವಳ ಪ್ರಶ್ನೆ. ಸತ್ತವಳ ದನಿ ನನ್ನನ್ನು ಹೆದರಿಸಲಿಲ್ಲ, ಅದು ತಂಪಾಗಿತ್ತು. ನನ್ನ ದನಿಯೇ ಹೆದರಿಸಿತು. ನಾನು ಇಷ್ಟು ಕೆಟ್ಟದಾಗಿ ಮಾತಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ತನ್ನ ದನಿಯನ್ನು ತಾನೇ ಹೊರಗಿನಿಂದ ಕೇಳಿದ ಮೇಷ್ಟ್ರುಗಳು ಎಷ್ಟು ಜನ ಇದ್ದಾರು?

ಮಾರನೇ ವರ್ಷ ಎರಡನೇ ತರಬೇತಿ ಆಯಿತು. ಅಷ್ಟರಲ್ಲಿ ನನ್ನ ಬೆರಳು ಪಳಗಿತ್ತು. ಪಾಠವನ್ನು ನಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ, ಬೇಡದ ಭಾಗ ಕತ್ತರಿಸಿ, ಮಕ್ಕಳಿಗೆ ಕೇಳಿಸುವುದನ್ನು ಕಲಿಸಿದರು. ಕತ್ತರಿಯ ಗುರುತು ಒತ್ತಿದರೆ ಎರಡು ನೀಲಿ ಗೆರೆ ಬರುತ್ತವೆ. ಅವುಗಳನ್ನು ಎಳೆದು ಎಲ್ಲಿ ನಿಲ್ಲಿಸುತ್ತೀವೋ ಅದರಾಚೆಯದು ಹೋಗುತ್ತದೆ. ನಾನು ಎಲ್ಲರಿಗಿಂತ ಮೊದಲು ಮಾಡಿ ತೋರಿಸಿದೆ. ಚಪ್ಪಾಳೆ ತಟ್ಟಿದರು. ಈ ವಯಸ್ಸಿನಲ್ಲಿ ಚಪ್ಪಾಳೆ ಸಿಕ್ಕಿದರೆ ಯಾರಿಗೆ ಬೇಡ, ಬೀಗಿಕೊಂಡೇ ಬಸ್ಸು ಹತ್ತಿದೆ.

ಮಗು ಹೋಗಿ ವರ್ಷ ತುಂಬಿದ ಮೇಲೆ, ಒಂದು ಸೋಮವಾರ, ಶೆಡ್ಡಿನ ಮುಂದೆ ಅವಳ ತಾಯಿ ನನ್ನನ್ನು ಅಡ್ಡಗಟ್ಟಿದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ನಮ್ ಮಗೀನ ದನಿ ನಿಮ್ ಟ್ಯಾಬ್ನಾಗೈತಂತಲ್ಲ ಮೇಡಮ್ಮೋರೆ? ಮಕ್ಕಳು ಅಂತಿದ್ವು. ಒಂದ್ಸಲ ಕೇಳ್ಬೋದಾ?" ಎಂದಳು.

"ಗುರುವಾರ ಸಾಯಂಕಾಲ ಬಾಮ್ಮ" ಎಂದೆ.

ಆ ಮೂರು ದಿನ ನನಗೆ ಅದೇ ಯೋಚನೆ. ಮಗಳ ದನಿ ಕೇಳಲು ಬಂದವಳಿಗೆ, ಅವಳ ಮಗಳನ್ನೂ ಅವಳನ್ನೂ ಒಟ್ಟಿಗೆ ಹೀಯಾಳಿಸಿದ ಮಾತನ್ನು ಹೇಗೆ ಕೇಳಿಸಲಿ? ಕೇಳಿಸದಿದ್ದರೆ ಮಗಳನ್ನು ಹೇಗೆ ಕೊಡಲಿ? ಬುಧವಾರ ಸಾಯಂಕಾಲ ಕ್ಲಾಸಿನಲ್ಲಿ ಒಬ್ಬಳೇ ಕೂತು ಕತ್ತರಿಯ ಗುರುತು ಒತ್ತಿದೆ. ನನ್ನ ಮಾತನ್ನಷ್ಟೇ ತೆಗೆದು ಅವಳ ಉತ್ತರವನ್ನು ಬಿಡಬಹುದೇ ಎಂದು ಯೋಚಿಸಿದೆ. ಪ್ರಶ್ನೆ ಇಲ್ಲದೆ ಉತ್ತರ ಮಾತ್ರ ಉಳಿದರೆ ಪ್ರಶ್ನೆ ಏನಿತ್ತೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೂವತ್ತು ವರ್ಷ ಪ್ರಶ್ನೆಪತ್ರಿಕೆ ಮಾಡಿದವಳಿಗೆ ಅಷ್ಟು ತಿಳಿಯದೇ? ಬಲಗಡೆಯ ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಬಂದು, ಆಮೆಯ ಪಾಠದ ಕಡೆಯ ಪದದ ಪಕ್ಕ ನಿಲ್ಲಿಸಿದೆ. ಕೆಂಪು ಗುಂಡಿಯಿಂದ ಮುಂದಿನದೆಲ್ಲ ಹೋಯಿತು. ಉಳಿಸು ಎಂಬ ಗುಂಡಿ ಒತ್ತಿದೆ.

ಉಳಿಸಿದರೆ ಹಳೆಯದರ ಜಾಗದಲ್ಲೇ ಹೊಸದು ಬಂದು ಕೂರುತ್ತದೆ, ಹಳೆಯದು ಮತ್ತೆ ಸಿಗುವುದಿಲ್ಲ ಎಂದು ನನಗೆ ತಿಳಿದಿರಲಿಲ್ಲ. ತರಬೇತಿಯಲ್ಲಿ ಹೇಳಿದ್ದರಂತೆ. ಚಪ್ಪಾಳೆಯ ಗದ್ದಲದಲ್ಲಿ ಕೇಳಿಸಿಕೊಂಡಿರಲಿಲ್ಲ. ಹಾಗಂತ ಎಲ್ಲಾ ಅಜ್ಞಾನದ ತಲೆಗೆ ಕಟ್ಟಲಾರೆ. ತಿಳಿದಿದ್ದರೂ ಒತ್ತುತ್ತಿದ್ದೆ ಅನಿಸುತ್ತದೆ. ಅವತ್ತು ನನಗೆ ನನ್ನ ಮಾನ ಮುಖ್ಯವಾಗಿತ್ತು.

ಗುರುವಾರ ಆಕೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹೂವು ಮುಡಿದು ಬಂದಳು. ಮಗಳ ಬೆಂಚು ಯಾವುದು ಎಂದು ಕೇಳಿ ಅಲ್ಲೇ ಕೂತಳು. ಗಿಣಿ ಬಂದು, "ನಾನು ಕಾಯುತ್ತಿದ್ದೇನೆ" ಎಂದಾಗ ಬೆಚ್ಚಿ ನನ್ನ ಮುಖ ನೋಡಿದಳು. "ಇದು ಯಂತ್ರದ ದನಿ ಕಣಮ್ಮ" ಎಂದು ಹೇಳಿ ರೆಕಾರ್ಡು ಹಾಕಿದೆ.

ಮಗಳ ದನಿ ಬಂದ ಕೂಡಲೇ ಆಕೆ ಟ್ಯಾಬನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡೂ ಅಂಗೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ಶೆಡ್ಡಿನಲ್ಲಿ ಕೂರುತ್ತಿದ್ದ ಹಾಗೇ. ಅಳಲಿಲ್ಲ. ಉಸಿರು ಬಿಗಿಹಿಡಿದು ಕೇಳಿದಳು. ನಾನು ಕಪ್ಪು ಹಲಗೆಯ ಕಡೆ ತಿರುಗಿ ನಿಂತಿದ್ದೆ. ಪಾಠ ಮುಗಿಯಿತು, ದನಿ ನಿಂತಿತು.

"ಇನ್ನೊಂದ್ಸಲ ಹಾಕಿ" ಎಂದಳು. ಹಾಕಿದೆ. ಮೂರನೇ ಸಲವೂ ಹಾಕಿದೆ. ಆಮೇಲೆ ಕಣ್ಣು ತೆರೆದು, "ಇದು ಮುಗ್ದಿಲ್ಲ ಮೇಡಮ್ಮೋರೆ" ಎಂದಳು.

"ಮುಗೀತಲ್ಲಮ್ಮ. ಪಾಠ ಇರೋದೇ ಅಷ್ಟು."

"ಪಾಠ ಮುಗೀತು. ಅವ್ಳು ಮುಗ್ಸಿಲ್ಲ. ಕೊನೇಗೆ ಉಸ್ರು ತಗಂಡವ್ಳೆ, ಕೇಳಿ. ಏನೋ ಹೇಳಾಕೆ ಉಸ್ರು ತಗಂಡವ್ಳೆ."

ನಾನು ಟ್ಯಾಬನ್ನು ಕಿವಿಗೆ ಹಿಡಿದು ಕೇಳಿದೆ. ನನಗೆ ಏನೂ ಕೇಳಿಸಲಿಲ್ಲ. ಇನ್ನೊಂದು ಸಲ ಕೇಳಿದೆ. ಕಡೆಯ ಪದ ಮುಗಿದ ಮೇಲೆ, ತುದಿಯಲ್ಲಿ, ಮಗುವೊಂದು ಬಾಯಿ ತೆರೆದು ಗಾಳಿ ಎಳೆದುಕೊಂಡ ಸದ್ದು. ಅಷ್ಟೂ ಸಲ ಕೇಳಿ, ಕತ್ತರಿಸಿದ ಮೇಲೂ ಕೇಳಿ, ನನಗೆ ಗೊತ್ತಾಗದಿದ್ದ ಉಸಿರು.

"ನಿನ್ನ ಇಸ್ಯ ಅದ್ರಾಗೆ ಹೇಳಿವ್ನಿ ಅಂದಿದ್ಳು" ಎಂದಳು ಆಕೆ. "ಅವತ್ತು ಶಾಲೆಯಿಂದ ಬಂದವ್ಳೇ ಕುಣ್ಕೊಂಡು ಹೇಳುದ್ಳು. ಅವ್ವ, ನಿನ್ನ ಇಸ್ಯ ಟ್ಯಾಬ್ನಾಗೈತೆ, ಮಿಸ್ ಹತ್ರ ಹೇಳ್ಬುಟ್ಟೆ ಅಂತ. ಏನಂದೆ ಅಂದ್ರೆ ಹೇಳ್ನಿಲ್ಲ. ನೀನೇ ಬಂದು ಕೇಳು ಅಂದ್ಳು. ಆಗ ಬರಾಕೆ ಆಗ್ನಿಲ್ಲ, ಕೆಲ್ಸ. ಅದ್ನ ಕೇಳಾಕೇ ಈಗ ಬಂದೆ."

ಮಗುವಿನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಸುಳ್ಳು ಹೇಳಬಹುದಾಗಿತ್ತು. ಯಂತ್ರ ಕೆಟ್ಟಿದೆ ಎಂದಿದ್ದರೆ ಆಕೆ ನಂಬುತ್ತಿದ್ದಳೋ ಏನೋ. ಆದರೆ ಆ ಕಿವಿಯ ಮುಂದೆ ಸುಳ್ಳು ಹೇಳಲು ನನಗೆ ಭಯವಾಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಕೆಂಪು ಗುಂಡಿ, ನಾನು ಆಡಿದ ಮಾತು, ಆಡಿದ ಹಾಗೇ, ನಿಮ್ಮವ್ವನ ಹಂಗೆ ಎಂದದ್ದೂ ಸೇರಿ. ನಿನ್ನೆ ಇದೇ ಜಾಗದಲ್ಲಿ ಕೂತು ಕತ್ತರಿಸಿದ್ದು. ಅದು ಇನ್ನು ಸಿಗುವುದಿಲ್ಲ ಎಂದೂ ಹೇಳಿದೆ, ಏಕೆಂದರೆ ಬೆಳಿಗ್ಗೆ ಹೆದರಿಕೊಂಡು ಹಳೆಯದನ್ನು ಹುಡುಕಿದ್ದೆ, ಇರಲಿಲ್ಲ.

ಬೈಯಲಿ ಎಂದು ಕಾದೆ. ಆಕೆ ಸೆರಗಿನ ತುದಿಯಿಂದ ಪರದೆಯ ಮೇಲಿನ ಜಿಡ್ಡನ್ನು ಒರೆಸಲು ಹೋಗಿ, ಏನೋ ಹೊಳೆದು ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀವು ಬಯ್ಯೋದು ಬುಡಿ, ಊರ್ಗೇ ಗೊತ್ತು" ಎಂದಳು. "ಅವ್ಳೇನಂದ್ಳು ಅದ ಹೇಳಿ."

ಹೇಳಿದೆ. ನಿಮ್ಮ ಮಗಳು, ನಮ್ಮವ್ವ ಕಾಯಿ ಅಲ್ಲಾಡಿಸಿದರೆ ಒಳಗೇನಿದೆ ಎಂದು ಒಡೆಯದೆಯೇ ಹೇಳುತ್ತಾಳೆ ಎಂದಳು. ನಿಮಗೆ ಬರುತ್ತದೆಯೇ ಎಂದು ನನ್ನನ್ನು ಕೇಳಿದಳು.

ಆಕೆಯ ಮುಖ ಒಂದು ಕ್ಷಣ ಮಗಳ ಮುಖದ ಹಾಗೇ ಅರಳಿತು. ಆಮೇಲೆ ತಲೆಯಾಡಿಸಿದಳು. "ಅಂಗಲ್ಲ. ನೀವು ಹೇಳ್ದಂಗಲ್ಲ. ಅವ್ಳು ಹೆಂಗಂದ್ಳು? ಅವ್ಳಂಗೇ ಅನ್ನಿ."

ಅವಳು ಆ ಮಾತು ಆಡಿದ ದನಿ ಈಗ ಜಗತ್ತಿನಲ್ಲಿ ಇರುವುದು ನನ್ನ ತಲೆಯಲ್ಲಿ ಮಾತ್ರ. ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಎಲ್ಲಿ ಏರುತ್ತದೆ, ಎಲ್ಲಿ ನಗು ಬೆರೆಯುತ್ತದೆ, ಎಲ್ಲಾ. ಬಾಯಿಗೆ ಬರುವುದಿಲ್ಲ. ಆದರೂ ಗಂಟಲು ಸರಿಮಾಡಿಕೊಂಡು, ಅವಳ ಮಾತಿನಲ್ಲೇ, "ನಮ್ಮವ್ವ ಕಾಯಿ ಅಲ್ಲಾಡ್ಸುದ್ರೆ" ಎಂದು ಶುರುಮಾಡಿದೆ. ನನ್ನ ದನಿ ಒಡೆದು, ಕಡೆಯವರೆಗೆ ಹೋಗದೆ ನಿಂತಿತು.

ಆಕೆ ಕಣ್ಣು ಮುಚ್ಚಿ, ಕಿವಿಯನ್ನು ನನ್ನ ಕಡೆಗೆ ವಾಲಿಸಿ ಕೂತಿದ್ದಳು.

"ಅಲ್ಲ" ಎಂದಳು. "ಇನ್ನೊಂದ್ಸಲ."

ನಾನು ಮೊದಲಿನಿಂದ ಹೇಳಿದೆ.